ಹಾರದ ವಿಮಾನಕ್ಕೆ 3 ಗಂಟೆ 18 ನಿಮಿಷ: ಹಾಸನದಿಂದ ಒಂದು ದೂರು

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಪ್ರವಾಸ ಬುಕಿಂಗ್ ವಿಭಾಗ

ವಿಷಯ: ಅಗತ್ತಿ–ಪೋರ್ಟ್ ಬ್ಲೇರ್ ನಡುವೆ ಇಲ್ಲದ ನೇರ ವಿಮಾನದ ಸಮಯ ತೋರಿಸಿ ಪ್ಯಾಕೇಜ್ ಮಾರಿದ್ದು

ಮಾನ್ಯರೇ,

ಫೋನಿನಲ್ಲಿ ಸಮಾಧಾನವಾಗಿ ಹೇಳಿದ್ದಾಯಿತು, ಇನ್ನು ಬರವಣಿಗೆಯಲ್ಲೇ ಮಾತು. ಲಕ್ಷದ್ವೀಪದ ಅಗತ್ತಿಯಿಂದ ಅಂಡಮಾನಿನ ಪೋರ್ಟ್ ಬ್ಲೇರಿಗೆ, ಅಂದರೆ ಈಗಿನ ಶ್ರೀ ವಿಜಯಪುರಕ್ಕೆ, 'ದೂರ 2,240 ಕಿ.ಮೀ., ವಿಮಾನದ ಸಮಯ 3 ಗಂಟೆ 18 ನಿಮಿಷ' ಎಂದು ನಿಮ್ಮ ಪ್ಯಾಕೇಜಿನಲ್ಲಿದೆ. ಬೆಳಿಗ್ಗೆ ಅಗತ್ತಿ ಬಿಟ್ಟು ಅದೇ ಮಧ್ಯಾಹ್ನ ಪೋರ್ಟ್ ಬ್ಲೇರಿನಿಂದ ಹ್ಯಾವ್ಲಾಕ್ ದ್ವೀಪದ ಫೆರಿ ಹತ್ತುವಂತೆ ವೇಳಾಪಟ್ಟಿ ಹಾಕಿ, ಪೂರ್ತಿ ಹಣ ಮೊದಲೇ ಕಟ್ಟಿಸಿಕೊಂಡಿರಿ. ಕೊನೆಗೆ ಕಳಿಸಿದ ಟಿಕೆಟ್ ಬೆಂಗಳೂರಿನಲ್ಲಿ ರಾತ್ರಿ ತಂಗಿ ಮರುದಿನ ಹೊರಡುವಂಥದ್ದು. ಫೆರಿ ಟಿಕೆಟ್ಟೂ ಹ್ಯಾವ್ಲಾಕಿನ ಮೊದಲ ರಾತ್ರಿಯ ರೂಮೂ ನೀರುಪಾಲು.

ದೂರದಲ್ಲಿ ತಪ್ಪಿಲ್ಲ, ಭೂಮಿಯ ಮೇಲಿನ ನೇರ ಅಳತೆ ಅಷ್ಟೇ ಬರುತ್ತದೆ. ಮೋಸ ಇರುವುದು ಸಮಯದಲ್ಲಿ. 2,240ನ್ನು ಗಂಟೆಗೆ 800 ಕಿ.ಮೀ. ಜೆಟ್ ವೇಗದಿಂದ ಭಾಗಿಸಿ, ಏರುವ ಇಳಿಯುವ ಲೆಕ್ಕಕ್ಕೆ ಅರ್ಧ ಗಂಟೆ ಕೂಡಿಸಿ: ಸರಿಯಾಗಿ 3 ಗಂಟೆ 18 ನಿಮಿಷ. ಆದರೆ ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್ ಮಾತ್ರ. ಪೋರ್ಟ್ ಬ್ಲೇರಿಗೆ ಬರುವಂಥ ದೊಡ್ಡ ಜೆಟ್‌ಗಳು ಅಲ್ಲಿ ಇಳಿಯುವುದಿಲ್ಲ. ಇಳಿಯುವುದು ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನ. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ., ಜನ ತುಂಬಿದರೆ ಒಂದೇ ಹಾರಾಟದಲ್ಲಿ ಸುಮಾರು 1,500 ಕಿ.ಮೀ. ಹೋಗಬಲ್ಲದು. ನೇರವಾಗಿ ಹೊರಟರೆ ಬಂಗಾಳ ಕೊಲ್ಲಿಯ ನಡುವೆ ಇಂಧನ ಮುಗಿಯುತ್ತದೆ. ಬೆಂಗಳೂರಿನ ಮೇಲೆ ಹೋದರೆ 660 ಮತ್ತು 1,640 ಸೇರಿ 2,300 ಕಿ.ಮೀ.; ದೂರ ಹೆಚ್ಚುವುದು ಅರುವತ್ತೇ ಕಿಲೋಮೀಟರ್, ಸಮಯ ಹೆಚ್ಚುವುದು ಒಂದು ದಿನ. ವಿಮಾನದ ಟಿಕೆಟ್ ಮಾರುವವರಿಗೆ ಇದು ಗೊತ್ತಿಲ್ಲದ ವಿಷಯವಲ್ಲ.

ಇನ್ನು ನಿಮ್ಮ ಸಹಾಯವಾಣಿ. ನಿಮ್ಮದೇ ಇನ್ನೊಂದು ಪುಟದಲ್ಲಿ ದೂರ 1,210 ಎಂದು ಏಕೆ ಇದೆ ಎಂದು ಕೇಳಿದೆ.

"ಸರ್, 1,210 ವಿಮಾನದ್ದು, 2,240 ರೋಡಿಂದು."

"ಎರಡೂ ದ್ವೀಪ. ನಡುವೆ ಸಮುದ್ರ ಇದೆ. ಯಾವ ರೋಡು?"

"ಒಂದ್ನಿಮಿಷ ಲೈನಲ್ಲಿರಿ ಸರ್." ಹಾಡು ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಆಮೇಲೆ: "ಸಿಸ್ಟಮ್‌ನಲ್ಲಿ ಹಾಗೇ ತೋರಿಸ್ತಿದೆ ಸರ್. ನೀವು ಎಲ್ಲಿಂದ ಮಾತಾಡ್ತಿದ್ದೀರಾ?"

"ಹಾಸನದಿಂದ."

"ಓ, ನಿಮ್ಮೂರಲ್ಲಿ ಏರ್‌ಪೋರ್ಟ್ ಇಲ್ಲ ಅಲ್ವಾ ಸರ್, ಅದಕ್ಕೇ ಕನ್ಫ್ಯೂಸ್ ಆಗಿದ್ದೀರ." ಪಕ್ಕದಲ್ಲಿ ಯಾರೋ ನಕ್ಕಿದ್ದು ಸ್ಪಷ್ಟವಾಗಿ ಕೇಳಿಸಿತು.

ಹಾಸನದ ವಿಮಾನ ನಿಲ್ದಾಣಕ್ಕೆಂದು ಗೊತ್ತಾದ ಬೂವನಹಳ್ಳಿಯಿಂದ ನಾವು ವಿಮಾನ ಹತ್ತುತ್ತಿಲ್ಲ, ನಿಜ. ಆದರೆ 1,210 ಎಂಬುದು ವಿಮಾನ, ಹಡಗಿನವರು ಬಳಸುವ ನಾಟಿಕಲ್ ಮೈಲಿ, 1.852ರಿಂದ ಗುಣಿಸಿದರೆ ಅದೇ 2,240 ಕಿ.ಮೀ. ಬರುತ್ತದೆ. ಹಾಸನದ ಹೈಸ್ಕೂಲ್ ಮಕ್ಕಳಿಗೂ ಈ ಗುಣಾಕಾರ ಬರುತ್ತದೆ. ತಿಳಿಯದ್ದು ತಿಳಿಯದು ಎನ್ನಲಿ, ಗಿರಾಕಿಯ ಊರನ್ನು ಹೀಯಾಳಿಸುವ ಹಕ್ಕು ಯಾರಿಗೂ ಇಲ್ಲ.

2020ರ ಇ-ಕಾಮರ್ಸ್ ನಿಯಮದಂತೆ 48 ಗಂಟೆಯೊಳಗೆ ದೂರಿಗೆ ಸ್ವೀಕೃತಿ, ತಿಂಗಳೊಳಗೆ ಪರಿಹಾರ ಕೊಡಬೇಕಾದವರು ನೀವು. ಫೆರಿ, ರೂಮು, ಬೆಂಗಳೂರಿನ ರಾತ್ರಿಯ ಖರ್ಚು ವಾಪಸ್ ಬರಬೇಕು, ಆ ಸಮಯವನ್ನು ಪುಟದಿಂದ ತೆಗೆಯಬೇಕು. ಇಲ್ಲದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹಾಸನದ ಜಿಲ್ಲಾ ಆಯೋಗದಲ್ಲೇ ಕೇಸು ಹಾಕುತ್ತೇನೆ. ದೂರುದಾರ ಇರುವ ಊರಲ್ಲೇ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಹಾಕಬಲ್ಲ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೂ ಪುಟದ ಸ್ಕ್ರೀನ್‌ಶಾಟ್ ಹೋಗುತ್ತದೆ. ನಿಮ್ಮ ವಕೀಲರು ಹಾಸನಕ್ಕೆ ರಸ್ತೆಯಲ್ಲೋ ರೈಲಿನಲ್ಲೋ ಬರಬೇಕಾಗುತ್ತದೆ.

ಇಂತಿ,
ಹಾಸನದ ಗ್ರಾಹಕ