ಗಡಂಗು ಕೆಟ್ಟ ಪದ ಅಲ್ಲ ಮಾರಾಯ್ರೇ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಪತ್ರಿಕೆಯ ಒಂದೇ ಪುಟದಲ್ಲಿ ಎರಡು ಸುದ್ದಿ ಓದಿದೆ. ಮೇಲಿನದು ಹೊಸ 'ಬಾರ್ ಆ್ಯಂಡ್ ರೆಸ್ಟೋರೆಂಟ್' ಬಗ್ಗೆ. ಕೆಳಗಿನದು 'ಅಕ್ರಮ ಗಡಂಗಿಗೆ ದಾಳಿ'. ಲೈಸೆನ್ಸ್ ಇದ್ದರೆ ಬಾರ್, ಇಲ್ಲದಿದ್ದರೆ ಗಡಂಗು! ಈ ವಿಂಗಡಣೆ ಯಾವಾಗಿನಿಂದ ಶುರುವಾಯಿತು?

ಗಡಂಗು ಮೂಲದಲ್ಲಿ ಕುಡಿತದ ಪದವೇ ಅಲ್ಲ. ಸರಕು ಇಡುವ ಕೋಣೆ, ಅಷ್ಟೇ. ತಮಿಳಿನವರು ಇಂದಿಗೂ ಉಗ್ರಾಣಕ್ಕೆ 'ಕಿಡಂಗು' ಅನ್ನುತ್ತಾರೆ. ಈ ನಮ್ಮ ದಕ್ಷಿಣದ ಪದವೇ ಹಡಗು ಹತ್ತಿ ಮಲಯ ಭಾಷೆಗೆ ಹೋಗಿ 'ಗುದಂಗ್' ಆಯಿತು, ಅದನ್ನು ಪೋರ್ಚುಗೀಸರು ಎತ್ತಿಕೊಂಡರು, ಅವರಿಂದ ಇಂಗ್ಲಿಷರ ಬಾಯಿಗೆ ಬಿದ್ದು 'ಗೋಡೌನ್' ಆಗಿ ವಾಪಸ್ ನಮ್ಮಲ್ಲಿಗೇ ಬಂತು ಅಂತ ಪದಗಳ ಮೂಲ ಹುಡುಕಿದವರು ಹೇಳುತ್ತಾರೆ. ಬಂದರಿನ ವ್ಯಾಪಾರಿ 'ನಮ್ಮದು ಎರಡು ಗೋಡೌನ್ ಇದೆ' ಅಂದರೆ ಮರ್ಯಾದೆ, 'ಎರಡು ಗಡಂಗು ಇದೆ' ಅಂದರೆ ಮಗನಿಗೆ ಹೆಣ್ಣು ಸಿಗುವುದು ಕಷ್ಟ. ಎರಡೂ ಒಂದೇ ಹೊಟ್ಟೆಯ ಮಕ್ಕಳು, ಅಲ್ವಾ?

ಸರಕು ಇಡುವ ಜಾಗದ ಹೆಸರು ಸರಕು ಮಾರುವ ಅಂಗಡಿಗೆ ಬರುವುದು ಹೊಸತೇನಲ್ಲ. ಸ್ಟೋರ್ ಅಂದರೂ ದಾಸ್ತಾನೇ, ಆದರೆ 'ಜನರಲ್ ಸ್ಟೋರ್‌'ಗೆ ಹೋಗಿ ನಾವು ಸಾಬೂನು ತರುವುದಿಲ್ಲವೇ. ಗೋವಾದವರು 'ತಾವೆರ್ನಾ' ಅನ್ನುತ್ತಾರಲ್ಲ, ಅದರ ಲ್ಯಾಟಿನ್ ಮೂಲಕ್ಕೂ ಅಂಗಡಿ ಅಂತಲೇ ಅರ್ಥ.

ಇನ್ನು ಬಾರ್! ಬಾರ್ ಅಂದರೆ ಅಡ್ಡಪಟ್ಟಿ. ಹೆಂಡ ಕೊಡುವವನಿಗೂ ಕುಡಿಯುವವನಿಗೂ ನಡುವೆ ಇರುವ ಕಟ್ಟೆ. ಕೋರ್ಟಿನಲ್ಲೂ ಅಂಥದ್ದೇ ಒಂದು ಕಟಕಟೆ ಇರುತ್ತದೆ, ಅದಕ್ಕೇ ವಕೀಲರ ಸಂಘವೂ ಬಾರ್ ಅಸೋಸಿಯೇಷನ್. ಅಲ್ಲಿ ಯಾರೂ ಮೂಗು ಮುರಿಯುವುದಿಲ್ಲ. ವೈನ್ ಶಾಪಿನ ಕಥೆ ಕೇಳಲೇಬೇಡಿ, ಅಲ್ಲಿ ವೈನ್ ಬಿಟ್ಟು ಉಳಿದದ್ದೆಲ್ಲ ಜಾಸ್ತಿ ಖರ್ಚಾಗುತ್ತದೆ. ಇಲಾಖೆಯ ಹೆಸರಾದ ಅಬಕಾರಿಯಲ್ಲಿ ಇರುವ ಪರ್ಷಿಯನ್ 'ಆಬ್' ಅಂದರೆ ನೀರು! ಸುಮ್ನೆ ಹೇಳಿದೆ.

ನನಗೆ ಗಡಂಗು ಅಂದರೆ ಅಜ್ಜ. ಸಂಜೆ ಅವರನ್ನು ಕರೆದು ತರಲು ಅಜ್ಜಿ ನನ್ನನ್ನು ಓಡಿಸುತ್ತಿದ್ದರು. ಸೋಗೆಯ ಮಾಡು, ಉದ್ದ ಬೆಂಚು, ಕಲಿಯ (ನಮ್ಮ ಕಡೆ ಕಳ್ಳಿಗೆ ಹೀಗನ್ನುತ್ತಾರೆ) ಹುಳಿ ವಾಸನೆ, ಒಳಗಿನಿಂದ ಬೂತಾಯಿ ಮೀನಿನ ಪುಳಿಮುಂಚಿ ಸಾರು ಕುದಿಯುವ ಪರಿಮಳ. ಅಜ್ಜ ಒಂದು ಬೇಯಿಸಿದ ಮೊಟ್ಟೆ ಕೊಡಿಸಿ 'ಅಜ್ಜಿಗೆ ಹೇಳಬೇಡ' ಅನ್ನುತ್ತಿದ್ದರು. ಅಲ್ಲಿ ಕುಡಿದು ಮನೆ ಹಾಳು ಮಾಡಿಕೊಂಡವರೂ ಇದ್ದರು, ಇಲ್ಲ ಅನ್ನುವುದಿಲ್ಲ. ಬಾರಿನಲ್ಲಿ ಹಾಳಾದವರು ಕಡಿಮೆಯೇ?

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಸಾರಾಯಿ ಗಡಂಗುಗಳೂ ಮುಚ್ಚಿದವು. ಆದರೆ ನಮ್ಮ ದಕ್ಷಿಣ ಕನ್ನಡ, ಉಡುಪಿಯಲ್ಲಿ ಮೂರ್ತೆದಾರರು ಇನ್ನೂ ಮರ ಹತ್ತಿ ಕಲಿ ಇಳಿಸುತ್ತಾರೆ, ಅದಕ್ಕೆ ಅವರದ್ದೇ ಸಹಕಾರಿ ಸಂಘಗಳಿವೆ, ಅಂಗಡಿಗಳಿಗೆ ಲೈಸೆನ್ಸ್ ಇದೆ. ಊರಿನವರ ಬಾಯಲ್ಲಿ ಅವೂ ಗಡಂಗುಗಳೇ. ನಿಮ್ಮ ತಲೆಬರಹ ಓದಿದ ಪರವೂರಿನವರು ಅವರನ್ನೆಲ್ಲ ಕಳ್ಳ ವ್ಯಾಪಾರಿಗಳು ಅಂದುಕೊಂಡರೆ?

ಅಕ್ರಮ ಅಂಗಡಿಗೆ 'ಅಕ್ರಮ ಮದ್ಯ ಮಾರಾಟ' ಅಂತ ಬರೆಯಿರಿ, ಸಾಕು. ನಮ್ಮೂರ ಬಸ್ ಸ್ಟಾಪಿನಲ್ಲಿದ್ದ ಗಡಂಗು ಹೋಗಿ ವರ್ಷಗಳಾದವು. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ, ಸ್ಟಾಪಿಗೆ ಹೊಸ ಹೆಸರಿನ ಬೋರ್ಡೂ ಬಂದಿದೆ. ಕಂಡಕ್ಟರ್ ಮಾತ್ರ ಇವತ್ತಿಗೂ ಸೀಟಿ ಊದಿ ಕೂಗುವುದು, 'ಗಡಂಗ್, ಜಪ್ಪುಲೆ ಜಪ್ಪುಲೆ!' (ತುಳುವಿನಲ್ಲಿ 'ಇಳಿಯಿರಿ')

– ನಿಮ್ಮ ಓದುಗ, ಹಿರಿಯಡ್ಕ, ಉಡುಪಿ