ಸೊಂಟನೋವಿನ ವ್ಯಾಯಾಮ: ಚಿತ್ರ ನೋಡಿ ಕಲಿಯುವಂಥದ್ದಲ್ಲ

ಮಾನ್ಯ ಸಂಪಾದಕರೇ,

ಸೊಂಟನೋವಿಗೆ ಪರಿಹಾರವೆಂದು ಆರೋಗ್ಯ ಪುಟಗಳಲ್ಲಿ ಆಗಾಗ ಅಚ್ಚಾಗುವ ವ್ಯಾಯಾಮದ ಚಿತ್ರಗಳ ಬಗ್ಗೆ, ಅಂಥದ್ದೇ ಚಿತ್ರಗಳನ್ನು ನಂಬಿ ಎರಡು ತಿಂಗಳು ಕಳೆದುಕೊಂಡವನಾಗಿ ಈ ಪತ್ರ ಬರೆಯುತ್ತಿದ್ದೇನೆ. ಕೆಳಬೆನ್ನಿನ ಸ್ಥಿರತೆಗೆಂದು ಫಿಸಿಯೋಥೆರಪಿಯಲ್ಲಿ ಹೇಳಿಕೊಡುವ ‘ಸ್ಟೆಬಿಲೈಸೇಷನ್’ ವ್ಯಾಯಾಮಗಳ ಹೆಸರಿನಲ್ಲಿ ನನಗೆ ಮೊದಲು ಸಿಕ್ಕಿದ್ದು ಒಂದು ಜೆರಾಕ್ಸ್ ಹಾಳೆ ಮಾತ್ರ. ಅದರಲ್ಲಿದ್ದಂತೆಯೇ ಅಂಗಾತ ಮಲಗಿ, ಮಂಡಿ ಮಡಚಿ, ಫೋಟೋಗೆ ನಿಂತವರ ಹಾಗೆ ಹೊಟ್ಟೆಯನ್ನು ಒಳಗೆಳೆದು, ಉಸಿರು ಬಿಗಿಹಿಡಿದು ಹತ್ತು ಎಣಿಸುತ್ತಿದ್ದೆ. ನೋವು ಇದ್ದಲ್ಲೇ ಇತ್ತು.

ತಪ್ಪು ಗೊತ್ತಾದದ್ದು, ಇನ್ನೊಬ್ಬ ಫಿಸಿಯೋಥೆರಪಿಸ್ಟ್ ನನ್ನದೇ ಬೆರಳುಗಳನ್ನು ಸೊಂಟದ ಮುಂದಿನ ಎಲುಬಿನಿಂದ ಒಂದಂಗುಲ ಒಳಕ್ಕೆ ಇಡಿಸಿದಾಗ. ಉಸಿರಾಟ ಸಲೀಸಾಗಿ ನಡೆಯುತ್ತಿರುವಾಗಲೇ ಹೊಕ್ಕುಳ ಕೆಳಗಿನ ಭಾಗವನ್ನು ಮೆಲ್ಲಗೆ ಒಳಸರಿಸಿದರೆ ಬೆರಳ ತುದಿಗೆ ಸಣ್ಣದೊಂದು ಬಿಗಿ ತಾಕುತ್ತದೆ; ಹೊಟ್ಟೆ ಉಬ್ಬಿ ಬೆರಳನ್ನು ಹೊರಕ್ಕೆ ತಳ್ಳಿದರೆ ಮೇಲ್ಪದರದ ಸ್ನಾಯುಗಳೇ ಕೆಲಸ ಮಾಡುತ್ತಿವೆ, ಅಂದರೆ ಬೇಕಾದ್ದಕ್ಕಿಂತ ಹೆಚ್ಚು ಬಲ ಹಾಕಿದೆವೆಂದು ಅರ್ಥ. ಈ ವ್ಯತ್ಯಾಸ ಕೈಗೆ ಹತ್ತಲು ನನಗೆ ನಾಲ್ಕು ಭೇಟಿಗಳು ಬೇಕಾದವು. ಅಂಬೆಗಾಲಿನ ಭಂಗಿಯಲ್ಲಿ ಸೊಂಟ ವಾಲದಂತೆ ಒಂದು ಬದಿಯ ಕೈ, ಇನ್ನೊಂದು ಬದಿಯ ಕಾಲು ಚಾಚುವುದು, ಬಗ್ಗಿ ಭಾರ ಎತ್ತುವುದು ಎಲ್ಲವೂ ಆಮೇಲಿನ ಮಾತು.

ಇಲ್ಲಿ ಮುಖ್ಯವಾದದ್ದು ಸ್ನಾಯುವಿನ ಶಕ್ತಿಗಿಂತ ಹೆಚ್ಚಾಗಿ ಅದು ಬಿಗಿಯಾಗುವ ಸಮಯ. ಆರೋಗ್ಯವಂತರಲ್ಲಿ ತೋಳು ಮೇಲೇಳುವ ಮೊದಲೇ ಹೊಟ್ಟೆಯ ಒಳಪದರದ ಸ್ನಾಯು ಬಿಗಿಯಾಗುತ್ತದೆಂದೂ, ಸೊಂಟನೋವಿದ್ದವರಲ್ಲಿ ಅದು ತಡವಾಗುತ್ತದೆಂದೂ 1996ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರಾದ ಪಾಲ್ ಹಾಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ತೋರಿಸಿದರು. ಬೆನ್ನುಮೂಳೆಗೆ ಅಂಟಿಕೊಂಡಿರುವ ಮಲ್ಟಿಫಿಡಸ್ ಎಂಬ ಸ್ನಾಯು, ನೋವು ಹೋದ ಮೇಲೂ ತಾನಾಗಿಯೇ ಮೊದಲಿನ ಗಾತ್ರಕ್ಕೆ ಮರಳುವುದಿಲ್ಲವೆಂಬುದನ್ನು ಜೂಲಿ ಹೈಡ್ಸ್ ಮತ್ತು ಸಂಗಡಿಗರು ಅದೇ ವರ್ಷ ವರದಿ ಮಾಡಿದರು.

ಹಾಗೆಂದು ಇದನ್ನು ಸಂಜೀವಿನಿಯೆಂದು ಸಾರುವುದೂ ಸರಿಯಲ್ಲ. ದೀರ್ಘಕಾಲದ ಸೊಂಟನೋವಿನಲ್ಲಿ ಈ ಬಗೆಯ ವ್ಯಾಯಾಮವು ಬೇರೆ ವ್ಯಾಯಾಮಗಳಿಗಿಂತ ಗಮನಾರ್ಹವಾಗಿ ಮೇಲೇನಲ್ಲವೆಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2016ರ ಪರಾಮರ್ಶೆ ಹೇಳಿದೆ. ನಡಿಗೆಯೋ ಇನ್ನೊಂದೋ ಯಾರಿಗಾದರೂ ಒಗ್ಗಿದರೆ ಅವರು ಅದನ್ನು ಬಿಡಬೇಕಾದ ಅಗತ್ಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರತಂದ ಮಾರ್ಗಸೂಚಿ ಕ್ರಮಬದ್ಧ ವ್ಯಾಯಾಮವನ್ನು ಶಿಫಾರಸು ಮಾಡುತ್ತದೆ, ಸೊಂಟದ ಬೆಲ್ಟ್ ಮತ್ತು ಟ್ರಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ) ವಾಡಿಕೆಯಾಗಿ ಬೇಡವೆನ್ನುತ್ತದೆ. ಬೆಲ್ಟಿನ ಜಾಹೀರಾತು ಕಾಣುವಷ್ಟು ಈ ಮಾತು ನಮಗೆ ಕಾಣುವುದಿಲ್ಲವೆಂಬುದು ಬೇರೆ ವಿಷಯ. ನನ್ನ ಮಟ್ಟಿಗೆ ಹೇಳುವುದಾದರೆ, ಬಗ್ಗುವುದಕ್ಕೇ ಹೆದರಿ ಕುಳಿತಿದ್ದ ನನಗೆ ಮೈಯ ಮೇಲಿನ ಹಿಡಿತ ಮರಳಿದ್ದು ಆ ಬೆರಳ ತುದಿಯ ಪಾಠದಿಂದ.

ಆದ್ದರಿಂದ ಇಂಥ ಚಿತ್ರಗಳನ್ನು ಪ್ರಕಟಿಸುವಾಗ, ಉಸಿರು ಹಿಡಿಯಬಾರದೆಂದೂ ಮೊದಲ ಕೆಲವು ಸಲ ತಿಳಿದವರೆದುರೇ ಮಾಡಬೇಕೆಂದೂ ಜೊತೆಗೆ ಅಚ್ಚುಮಾಡಬೇಕೆಂದು ಕೋರುತ್ತೇನೆ. ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಮರಗಟ್ಟಿದರೆ ಅಥವಾ ಕಾಲಿನ ಬಲ ಕುಂದಿದರೆ ವ್ಯಾಯಾಮವನ್ನು ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕೆಂಬ ಸಾಲನ್ನಂತೂ ದಪ್ಪ ಅಕ್ಷರದಲ್ಲೇ ಹಾಕಬೇಕು.

ಇತಿ,
ಓರ್ವ ಓದುಗ