ಸಾವಿನ ಮನೇಲಿ ನಗು ಬಂದ್ರೆ ಏನ್ ಮಾಡೋದು

ನೋಡಮ್ಮಾ,

ನೀನು ಕಳ್ಸಿದ ಕಾದಂಬರಿ ಓದಿ ಮುಗ್ಸಿ ಎರಡು ವಾರ ಆಯ್ತು, ಉತ್ತರ ಲೇಟಾಯ್ತು, ಬೈಕೋಬೇಡ. ಕಣ್ಣಿನ ಡಾಕ್ಟ್ರು ಸ್ಕ್ರೀನ್ ನೋಡೋದು ಕಮ್ಮಿ ಮಾಡಿ ಅಂದಿದಾರೆ, ಅದಕ್ಕೆ ದಿನಾ ನಾಕ್ ಸಾಲು ಟೈಪ್ ಮಾಡಿ ಇಡ್ತಿದೀನಿ. ಸೆಕೆಂಡ್ ಪಿಯುಸಿ ಓದೋ 17 ವರ್ಷದ ಹುಡುಗಿ, ಬೈಕ್ ಆಕ್ಸಿಡೆಂಟಲ್ಲಿ ಹೋದ ಅಣ್ಣ, ಬಸ್‌ಸ್ಟ್ಯಾಂಡ್ ಪಕ್ಕದಲ್ಲಿ ಅವನ ಟೀ ಅಂಗಡಿ. ಒಳ್ಳೆ ವಸ್ತು ಹಿಡ್ದಿದೀಯ. ನಮ್ಮಲ್ಲಿ ಈ ವಯಸ್ಸಿನೋರಿಗೆ ಅಂತ ಬರೆಯೋರೇ ಕಮ್ಮಿ, ಮಕ್ಕಳ ಕಥೆ ಮುಗೀತಿದ್ದಂಗೆ ಸೀದಾ ದೊಡ್ಡೋರ ಕಾದಂಬರಿಗೆ ದಬ್ಬಿಬಿಡ್ತೀವಿ, ಮಧ್ಯದ ಆರೇಳು ವರ್ಷ ಪಾಪ ಯಾರ ಲೆಕ್ಕಕ್ಕೂ ಇಲ್ಲ.

ಈಗ ಬೈಯೋ ವಿಷಯಕ್ಕೆ ಬರ್ತೀನಿ. ನೀನು ಅಳೂನ ಒಂದು ಪಾತ್ರೇಲಿ ನಗೂನ ಇನ್ನೊಂದು ಪಾತ್ರೇಲಿ ಬೇಯ್ಸಿ ಬಡ್ಸಿದೀಯ. ಒಂದು ಚಾಪ್ಟರ್ ಪೂರ್ತಿ ಕಣ್ಣೀರು, ಮುಂದಿನ ಚಾಪ್ಟರಲ್ಲಿ ಆ ದಪ್ಪಗಿರೋ ಫ್ರೆಂಡ್ ಬರ್ತಾನೆ, ಸಗಣಿ ಗುಂಡೀಲಿ ಜಾರಿ ಬೀಳ್ತಾನೆ, ಮತ್ತೆ ಕಣ್ಣೀರು. ಹಳೇ ಸಿನಿಮಾದಲ್ಲಿ ಹೀರೋ ತಾಯಿ ಸತ್ತ ಮೇಲೆ ಕಾಮಿಡಿ ಟ್ರ್ಯಾಕ್ ಬರ್ತಿತ್ತಲ್ಲ, ಹಂಗೆ. ತಪ್ಪು ನಿಂದೊಬ್ಬಳ್ದೇ ಅಂತ ಹೇಳಲ್ಲ, 14ನೇ ಶತಮಾನದಲ್ಲಿ ವಿಶ್ವನಾಥ ಅನ್ನೋ ಪಂಡಿತ ಸಾಹಿತ್ಯದರ್ಪಣ ಅನ್ನೋ ಸಂಸ್ಕೃತ ಕಾವ್ಯಶಾಸ್ತ್ರದ ಪುಸ್ತಕದಲ್ಲಿ ಹಾಸ್ಯಕ್ಕೂ ಕರುಣಕ್ಕೂ ಆಗಿಬರಲ್ಲ, ಎರಡೂ ವಿರೋಧಿ ರಸ ಅಂತ ಬರ್ದಿಟ್ಟಿದಾನೆ. ದೊಡ್ಡ ವಿದ್ವಾಂಸ, ಒಪ್ಕೋತೀನಿ, ಆದ್ರೆ ಮಂಡ್ಯ ಕಡೆ ಹನ್ನೊಂದನೇ ದಿನದ ತಿಥಿಗೆ ಬಂದಿದ್ದಿದ್ರೆ ಆ ಸಾಲು ಹೊಡ್ದು ಹಾಕ್ತಿದ್ದ.

ಕಾಗೆ ವಿಷಯಾನೇ ತಗೋ. ನಿನ್ನ ಪುಸ್ತಕದಲ್ಲಿ 'ಕಾಗೆ ಎಡೆ ಮುಟ್ಟಿತು, ಎಲ್ಲರೂ ಅತ್ತರು' ಅಂತ ಒಂದೇ ಸಾಲು. ಅಯ್ಯೋ, ಇಷ್ಟೇನಾ? ಎಡೆ ಇಟ್ಟು ಎಲ್ರೂ ಹಿಂದೆ ಸರ್ದು ನಿಂತಿರ್ತಾರೆ, ಕಾಗೆ ಎದುರಿನ ತೆಂಗಿನ ಮರದ ಮೇಲೆ ಕೂತು ನೋಡ್ತಿರುತ್ತೆ, ಬರಲ್ಲ. ಏನೋ ಆಸೆ ಉಳ್ಕೊಂಡಿದೆ ಅಂತ ಯಾರೋ ಅಂತಾರೆ. ಶುರುವಾಗುತ್ತೆ ನೋಡು ಚೌಕಾಸಿ, ದೊಡ್ಡಪ್ಪ ಕೈ ಮುಗ್ದು 'ತಂಗಿ ಮದ್ವೆ ನಾವು ಮಾಡ್ತೀವಿ ಕಣಪ್ಪ, ಬಾ' ಅಂತಾನೆ, ಕಾಗೆ ಬರಲ್ಲ, 'ಬೈಕ್ ಲೋನ್ ತೀರಿಸ್ತೀವಿ', ಬರಲ್ಲ, ಬಿಸ್ಲು ಏರ್ತಿದೆ, ಊಟಕ್ಕೆ ಬಂದೋರು ಮೆಲ್ಲಗೆ ಪಂಕ್ತಿ ಕಡೆ ನೋಡೋಕೆ ಶುರು ಮಾಡಿದಾರೆ, ಕೊನೆಗೆ ಅಂಗಡಿ ಹುಡ್ಗ ಒಬ್ಬ ಓಡೋಗಿ ಅಣ್ಣ ದಿನಾ ಹೊಡೀತಿದ್ದ ಬ್ರ್ಯಾಂಡ್ ಸಿಗರೇಟ್ ತಂದು ಎಡೆ ಪಕ್ಕ ಇಡ್ತಾನೆ. ಅಣ್ಣ ಸಿಗರೇಟ್ ಸೇದ್ತಾನೆ ಅಂತ ಅಮ್ಮನಿಗೆ ಗೊತ್ತೇ ಇರ್ಲಿಲ್ಲ. ನಿನ್ನ ಹುಡುಗಿಗೆ ಗೊತ್ತಿತ್ತು, ಅದನ್ನ ಮುಚ್ಚಿಡೋಕೆ ತಿಂಗಳಿಗೆ ಐವತ್ತು ರೂಪಾಯಿ ಲಂಚ ತಗೋತಿದ್ಳು. ಈಗ ಅವಳು ಆ ಜಾಗದಲ್ಲಿ ನಿಂತು ತುಟಿ ಕಚ್ಕೊಂಡು ನಗು ತಡ್ಕೋಬೇಕು, ಅವಳ ಭುಜ ಕುಲುಕೋದು ನೋಡಿ ಅತ್ತೆ ಬಂದು 'ಅಳ್ಬೇಡ ಮಗಾ' ಅಂತ ತಬ್ಕೋಬೇಕು.

ನಾನು ನಗು ಬರೆಯುವಾಗ ಒಂದು ಪರೀಕ್ಷೆ ಮಾಡ್ತೀನಿ, ನೀನೂ ಮಾಡಿ ನೋಡು. ಸತ್ತೋನನ್ನ ಕಥೆಯಿಂದ ಎತ್ತಿಬಿಡು, ಆಗ್ಲೂ ಆ ಜೋಕು ನಿಂತ್ರೆ ಅದು ಈ ಪುಸ್ತಕದ್ದಲ್ಲ. ಫ್ರೆಂಡ್ ಸಗಣೀಲಿ ಬೀಳೋಕೆ ಅಣ್ಣ ಸಾಯ್ಬೇಕಿರ್ಲಿಲ್ಲ. ಲಂಚದ ಸಿಗರೇಟಿಗೆ ಅಣ್ಣ ಬೇಕೇ ಬೇಕು.

ಅಮೆರಿಕದ ಶರ್ಮನ್ ಅಲೆಕ್ಸಿ 2007ರಲ್ಲಿ ಬರ್ದಿರೋ 'ದಿ ಆಬ್ಸಲ್ಯೂಟ್ಲಿ ಟ್ರೂ ಡೈರಿ ಆಫ್ ಎ ಪಾರ್ಟ್-ಟೈಮ್ ಇಂಡಿಯನ್' ಸಿಕ್ರೆ ಅಜ್ಜಿ ಸಾವಿನ ಭಾಗ ಓದು, ಅಲ್ಲಿನ ಮೂಲನಿವಾಸಿ ಸ್ಪೋಕೇನ್ ಬುಡಕಟ್ಟಿನ ಹುಡುಗನ ಕಥೆ. ಅಜ್ಜಿ ಪೆಟ್ಟಿಗೆ ಮುಂದೆ ಊರಿಗೂರೇ ಕೂತಿರುತ್ತೆ, ಯಾರೋ ಕೋಟ್ಯಧೀಶ ಬಂದು ಇದು ಆಕೆ ಡಾನ್ಸ್ ಉಡುಪು, ವಾಪಸ್ ಕೊಡೋಕೆ ಬಂದೆ ಅಂತ ಉದ್ದ ಭಾಷಣ ಹೊಡೀತಾನೆ. ಹುಡುಗನ ಅಮ್ಮ ಅದನ್ನ ನೋಡಿ, ಇದು ನಮ್ಮಮ್ಮಂದಲ್ಲ, ಅವಳು ಆ ಡಾನ್ಸೇ ಮಾಡ್ತಿರ್ಲಿಲ್ಲ ಅಂತಾಳೆ. ಅವನು ಪೆಚ್ಚಾಗಿ ಹೋಗ್ತಾನೆ, ಅಷ್ಟೂ ಜನ ನಕ್ಕೂ ನಕ್ಕೂ ಸುಸ್ತಾಗ್ತಾರೆ. ಆ ನಗು ಬರೋದು ಅಜ್ಜಿನ ಬಲ್ಲೋರಿಗೆ ಮಾತ್ರ, ಗೊತ್ತಾಯ್ತಾ?

ಅಂದ್ರೆ ನಿಮ್ಮಣ್ಣ, ಸಾರಿ, ನಿನ್ನ ಹುಡುಗಿ ಅಣ್ಣ, ಮೊದಲ ಮೂವತ್ತು ಪುಟ ಬದುಕಿರ್ಬೇಕು, ತಮಾಷೆಯಾಗಿ. ಈಗ ಅವನು ಮೊದಲನೇ ಸಾಲಲ್ಲೇ ಸತ್ತಿದಾನೆ, ಆಮೇಲೆ ಬರೋದೆಲ್ಲ 'ಅವನು ತುಂಬಾ ಒಳ್ಳೆಯವನು'. ಭಾವಪೂರ್ಣ ಶ್ರದ್ಧಾಂಜಲಿ ಫ್ಲೆಕ್ಸ್ ಓದಿದಂಗಾಯ್ತು ನಂಗೆ.

ಫ್ಲೆಕ್ಸ್ ಅಂದ್ಮೇಲೆ ನೆನಪಾಯ್ತು. ನಮ್ಮಪ್ಪ ಹೋದಾಗ ನಂಗೆ 15. ಮನೇಲಿ ಅಪ್ಪಂದು ಒಂಟಿ ಫೋಟೋ ಒಂದೂ ಇರ್ಲಿಲ್ಲ, ಚಿಕ್ಕಪ್ಪನ ಮದ್ವೆ ಗ್ರೂಪ್ ಫೋಟೋದಿಂದ ಸ್ಟುಡಿಯೋದವ್ರು ಕತ್ತರಿಸಿ ದೊಡ್ಡದು ಮಾಡ್ಕೊಟ್ರು. ಫ್ರೇಮ್ ಹಾಕಿ ಹಾರ ಹಾಕೋವಾಗ ನೋಡ್ತೀವಿ, ಅಪ್ಪನ ಭುಜದ ಮೇಲೆ ಯಾರದ್ದೋ ಕೈ. ಮಣಿಕಟ್ಟಿನವರೆಗೆ ಮಾತ್ರ, ಎಚ್‌ಎಂಟಿ ವಾಚ್ ಸಮೇತ. ಮೂಲ ಫೋಟೋ ಸ್ಟುಡಿಯೋದಲ್ಲೇ ಕಳ್ದೋಯ್ತು. ಅವತ್ತಿಂದ ಇವತ್ತಿನವರೆಗೆ ನಾಕು ಜನ 'ಆ ಕೈ ನಂದು, ನಿಮ್ಮಪ್ಪಂಗೆ ನಾನಂದ್ರೆ ಅಷ್ಟು ಪ್ರಾಣ' ಅಂತ ಹೇಳಿದಾರೆ, ಅದ್ರಲ್ಲಿ ಒಬ್ಬ ಆ ಮದ್ವೆಗೆ ಬಂದೇ ಇರ್ಲಿಲ್ಲ ಅಂತ ನಮ್ಮಮ್ಮ. ವರ್ಷಾಬ್ದಿಕಕ್ಕೆ ಸೇರಿದಾಗೆಲ್ಲ ಇದೇ ಜಗಳ, ನಗು. ಒಂದ್ಸಲ ನಾನೇ ಸ್ಟೂಲ್ ಹತ್ತಿ ಆ ಕೈ ಮೇಲೆ ಕೈ ಇಟ್ಟು ನೋಡಿದೀನಿ, ಎಷ್ಟು ದೊಡ್ಡದಿದೆ ಅಂತ. ಇದನ್ನ ಇನ್ನೂ ಎಲ್ಲೂ ಬರೆಯೋಕೆ ಆಗಿಲ್ಲ ನಂಗೆ, ಇರ್ಲಿ ಬಿಡು.

ಇನ್ನೊಂದು, ಪುಸ್ತಕಾನ ಐದು ಭಾಗ ಮಾಡಿ ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಸ್ವೀಕಾರ ಅಂತ ಹೆಸರಿಟ್ಟಿದೀಯ. ತೆಗಿ. ಎಲಿಸಬೆತ್ ಕ್ಯೂಬ್ಲರ್-ರಾಸ್ ಅನ್ನೋ ಮನೋವೈದ್ಯೆ ಆ ಐದು ಹಂತಾನ 1969ರಲ್ಲಿ ಬರ್ದಿದ್ದು ಸಾಯೋಕೆ ಹತ್ರ ಇದ್ದ ರೋಗಿಗಳ ಜೊತೆ ಮಾತಾಡಿ, ಉಳ್ಕೊಂಡೋರ ಬಗ್ಗೆ ಆಮೇಲೆ ಅಂಟಿಸಿದ್ದು. ಅದೂ ಅಲ್ದೆ ಹುಡುಗರ ದುಃಖ ಮೆಟ್ಟಿಲು ಹತ್ತಿದಂಗೆ ಹೋಗಲ್ಲ. ಈ ಫೀಲ್ಡಲ್ಲಿ ಕೆಲಸ ಮಾಡೋ ಕೌನ್ಸೆಲರ್‌ಗಳು ಹೇಳ್ತಾರೆ, ದೊಡ್ಡೋರು ದುಃಖದ ಹೊಳೆಯೊಳಗೆ ನಡೀತಿರ್ತಾರೆ, ಮಕ್ಕಳು ಮಳೆ ನೀರಿನ ಗುಂಡಿಗೆ ಧುಮುಕಿ ಮತ್ತೆ ಹೊರಗೆ ಹಾರ್ತಾರೆ ಅಂತ. ನಿನ್ನ ಹುಡುಗಿ 17, ಎರಡಕ್ಕೂ ಮಧ್ಯದೋಳು. ಹಾಲುತುಪ್ಪ ಬಿಟ್ಟು ಬಂದ ಮೂರನೇ ದಿನ ಬಾತ್‌ರೂಮಲ್ಲಿ ಕೂತು ರೀಲ್ಸ್ ನೋಡ್ತಾಳೆ, ಯಾವ್ದೋ ಮೇಕೆ ಸೀನಿದ್ದಕ್ಕೆ ಕಿಸಕ್ ಅಂತ ನಗ್ತಾಳೆ, ಅಣ್ಣಂಗೆ ಕಳ್ಸೋಣ ಅಂತ ಶೇರ್ ಒತ್ತುತಾಳೆ, ಲಿಸ್ಟಲ್ಲಿ ಮೊದಲನೇ ಹೆಸರು ಅವಂದೇ. ಹೊರಗೆ ಬಂದ್ರೆ ಬಾಗಿಲಲ್ಲಿ ಅಮ್ಮ. ನಕ್ಕಿದ್ದು ಕೇಳಿಸ್ತಾ ಇಲ್ವಾ ಅಂತ ಗೊತ್ತಿಲ್ಲ. ಈ ಸೀನಿಗೆ ಎಷ್ಟು ಪುಟ ಬೇಕಾದ್ರೂ ಕೊಡು, ಅವಸರ ಮಾಡ್ಬೇಡ, ಅಮ್ಮನ ಕೈಯಲ್ಲಿ ಬರೀ ಬಕೆಟ್ ಇರ್ಲಿ, ಡೈಲಾಗ್ ಬೇಡ.

ಚಿಕ್ಕಮ್ಮನ ಪಾತ್ರಾನ ಮಾತ್ರ ಕಾರ್ಟೂನ್ ಮಾಡ್ಬೇಡ, ಪಾತ್ರೆ ಎಣಿಸೋಳು ಅಂತ ಗೇಲಿ ಮಾಡಿದೀಯ, ಆದ್ರೆ ಒಲೆ ಹಚ್ಚದ ಮನೆಗೆ ಎರಡು ಹೊತ್ತೂ ಉಪ್ಪಿಟ್ಟು ತಂದಿದ್ದು ಅವಳೇ. ಆಮೇಲೆ ನಿನ್ನ ಹುಡುಗಿ ಇಂಗ್ಲಿಷ್ ಸೀರೀಸ್ ಥರ ಮಾತಿಗೊಂದು ಪಂಚ್ ಹೊಡೀತಾಳಲ್ಲ, ಅದೂ ಬೇಡ.

ಕೊನೇದಾಗಿ, ನಿನ್ನ 64ನೇ ಪುಟ. ನೀನು ಗಮನಿಸದೇ ಬರ್ದ್ಬಿಟ್ಟಿದೀಯ ಅನ್ಸುತ್ತೆ. ಅಂಗಡಿ ಬಾಗಿಲು ಹಾಕಿದ್ರೂ ಗೋಡೆ ಮೇಲಿನ ಕ್ಯೂಆರ್ ಸ್ಟಿಕರ್ ಹಂಗೇ ಇದೆ, ಸಾಲ ಹೇಳಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ಸ್ಕ್ಯಾನ್ ಮಾಡಿ ಬಾಕಿ ತೀರಿಸ್ತಿದಾರೆ, ದುಡ್ಡು ಬಂತು ಅಂತ ಕೂಗೋ ಆ ಸ್ಪೀಕರ್ ಡಬ್ಬ ಮನೇಲಿದೆ. ಎಲ್ರೂ ಅಳ್ತಿರೋವಾಗ ಹಾಲ್ ಮೂಲೆಯಿಂದ 'ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ' ಅನ್ನುತ್ತೆ. ನಾನು ಜೋರಾಗಿ ನಕ್ಕೆ, ನನ್ನ ಹೆಂಡ್ತಿ ಅಡುಗೆಮನೆಯಿಂದ ಏನಾಯ್ತು ಅಂದ್ಳು, ಓದಿ ಹೇಳೋಕೆ ಹೋದ್ರೆ ಗಂಟ್ಲು ಕಟ್ತು. ನೀನು ಅದನ್ನ ಮೂರು ಸಾಲಲ್ಲಿ ಮುಗ್ಸಿ ಮುಂದೆ ಹೋಗಿದೀಯ. ನಿನ್ನ ಕಾದಂಬರಿ ಇರೋದೇ ಅಲ್ಲಿ ಕಣೇ.

ಆ ಡಬ್ಬದ ಬ್ಯಾಟರಿ ಕೆಲವು ದಿನಕ್ಕೆಲ್ಲ ಖಾಲಿಯಾಗುತ್ತೆ. ನಿನ್ನ ಪುಸ್ತಕದಲ್ಲಿ ಹನ್ನೊಂದನೇ ದಿನಾನೂ ಅದು ಮಾತಾಡ್ತಿದೆ. ಹಂಗಾದ್ರೆ ಆ ಮನೇಲಿ ರಾತ್ರಿ ಎಲ್ರೂ ಮಲಗಿದ ಮೇಲೆ ಎದ್ದು ಅದಕ್ಕೆ ಚಾರ್ಜ್ ಹಾಕ್ತಿರೋರು ಯಾರು? ಅದೊಂದು ಚಾಪ್ಟರ್ ಬರ್ದು ಕಳ್ಸು, ಬೇರೇದೆಲ್ಲ ಆಮೇಲೆ ನೋಡೋಣ.